ಅಲ್ಲಿದ್ದು ಬಂದವರ ಅಳತೆ: ಮಾನಸಿಕ ಆರೋಗ್ಯ ಆಸ್ಪತ್ರೆಯ ವಿನ್ಯಾಸ ಕುರಿತು

ನಮ್ಮ ಕಡೆ ಮನೆ ಕಟ್ಟುವ ಹಳೆಯ ಮೇಸ್ತ್ರಿಗಳಿಗೆ ಒಂದು ಅಭ್ಯಾಸವಿತ್ತು. ಅಡುಗೆಮನೆಯ ಕಟ್ಟೆ ಎಬ್ಬಿಸುವ ದಿನ ಮನೆಯೊಡತಿಯನ್ನು ಕರೆಸಿ, ಗೋಡೆಯ ಪಕ್ಕ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಒಂದು ಗೆರೆ ಎಳೆಯುತ್ತಿದ್ದರು. ನಕ್ಷೆಯಲ್ಲಿ ಎಷ್ಟೇ ಅಂಗುಲ ಬರೆದಿರಲಿ, ಕಟ್ಟೆ ಏಳುತ್ತಿದ್ದುದು ಆ ಗೆರೆಗೆ. ಅಲ್ಲಿ ನಿಂತು ಮೂರು ಹೊತ್ತು ಬೇಯಿಸುವವಳು ಅವಳು, ಸೊಂಟ ನೋಯುವುದು ಅವಳಿಗೆ. ಆದ್ದರಿಂದ ಅಳತೆಯೂ ಅವಳದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಾನು ಮೂವತ್ತು ವರ್ಷ ವಾಸ್ತುಶಿಲ್ಪಿಯಾಗಿ ದುಡಿದು, ಅದರ ನಡುವೆ ಕೆಲವು ಆಸ್ಪತ್ರೆಗಳನ್ನೂ ಕಟ್ಟಿದವನು. ಮೇಸ್ತ್ರಿಗೆ ಸಹಜವಾಗಿದ್ದ ಈ ವಿವೇಕ ಆಸ್ಪತ್ರೆಯ ಗೇಟಿನ ಹೊರಗೇ ಏಕೆ ನಿಂತುಬಿಡುತ್ತದೆ ಎಂಬ ಪ್ರಶ್ನೆ ನನಗೆ ಎದುರಾದದ್ದು ತೀರ ತಡವಾಗಿ. ಇಂದು ಆಡಬೇಕೆಂದಿರುವ ಮಾತು ಆ ಪ್ರಶ್ನೆಯ ಕುರಿತು.

ಮೊದಲು ಒಂದು ಪದದ ತೊಡಕನ್ನು ಬಗೆಹರಿಸಿಕೊಳ್ಳೋಣ. ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಚಿಕಿತ್ಸೆ ಪಡೆದವರಿಗೆ ಈಚೆಗೆ ‘ಸೇವಾ ಬಳಕೆದಾರರು’ ಎಂಬ ಮಾತು ಚಾಲ್ತಿಗೆ ಬಂದಿದೆ. ಕನ್ನಡದ ಕಿವಿಗೆ ಅದು ಕರೆಂಟ್ ಬಿಲ್ಲಿನ ಮೇಲೆ ಅಚ್ಚಾದ ಪದದಂತೆ ಕೇಳುತ್ತದೆ. ‘ರೋಗಿ’ ಎಂದರೆ ವಾರ್ಡಿನಿಂದ ಹೊರಬಂದು ಹತ್ತು ವರ್ಷವಾದ ಮೇಲೂ ಆ ಹಣೆಪಟ್ಟಿ ಉಳಿದುಬಿಡುತ್ತದೆ; ‘ಫಲಾನುಭವಿ’ ಎಂದರೆ ಯಾರೋ ದಾನ ಕೊಟ್ಟಂತಾಗುತ್ತದೆ. ನಾನು ಮಾತನಾಡಿಸಿದ ಜನ ತಮ್ಮ ತಮ್ಮೊಳಗೆ ‘ನಾವು ಅಲ್ಲಿದ್ದು ಬಂದವರು’ ಎನ್ನುತ್ತಿದ್ದರು. ಅದರಲ್ಲಿ ಜಾಗವೂ ಇದೆ, ಕಾಲವೂ ಇದೆ, ಮರಳಿ ಬಂದ ಸಂಗತಿಯೂ ಇದೆ. ಕಟ್ಟಡದ ಮಾತಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಸಿಕ್ಕಿಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಮಹಿಳೆಯರ ಮನೋವೈದ್ಯಕೀಯ ವಾರ್ಡನ್ನು ವಿನ್ಯಾಸ ಮಾಡುವ ಕೆಲಸ ನನಗೆ ಬಂತು. ಜೈಲಿನಂತಹ ಹಳೆಯ ಕಟ್ಟಡಗಳನ್ನು ನೋಡಿ ಬೇಸತ್ತಿದ್ದ ನಾನು ಉತ್ಸಾಹದಿಂದ ತೊಟ್ಟಿಮನೆಯ ಮಾದರಿಯನ್ನು ಎತ್ತಿಕೊಂಡೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಅಂಗಳದಲ್ಲಿ ಒಂದು ಪಾರಿಜಾತ, ಸುತ್ತಲೂ ಮರದ ಕಂಬಗಳ ಪಡಸಾಲೆ, ಪಡಸಾಲೆಯ ಹಿಂದೆ ಮಂಚಗಳು. ವೈದ್ಯರು ಮೆಚ್ಚಿದರು, ಅಧಿಕಾರಿಗಳು ಮೆಚ್ಚಿದರು, ಒಂದು ಪತ್ರಿಕೆಯಲ್ಲಿ ಫೋಟೋ ಬಂತು. ಬಾಗಿಲು ಯಾವ ದಿಕ್ಕಿಗಿರಬೇಕೆಂದು ವಾಸ್ತು ಪಂಡಿತರೊಬ್ಬರನ್ನು ಕೇಳುವುದಕ್ಕೂ ಸಮಯ ಸಿಕ್ಕಿತು. ಅವರ ಮಾತಿಗೆ ಗೌರವ ಕೊಟ್ಟು ಮುಖ್ಯ ದ್ವಾರವನ್ನು ಆರು ಅಡಿ ಸರಿಸಿದೆವು. ಅಲ್ಲಿ ಮಲಗಲಿರುವವರನ್ನು ಕೇಳಬೇಕೆಂದು ಮಾತ್ರ ನನ್ನನ್ನೂ ಸೇರಿಸಿ ಒಬ್ಬರಿಗೂ ಹೊಳೆಯಲಿಲ್ಲ.

ವಾರ್ಡು ತೆರೆದು ಎರಡು ವರ್ಷವಾದ ಮೇಲೆ, ಬೇರೊಂದು ಸಭೆಯಲ್ಲಿ, ಅಲ್ಲಿ ಏಳು ವಾರ ಇದ್ದು ಗುಣವಾಗಿ ಮನೆಗೆ ಮರಳಿದ ಹೆಂಗಸೊಬ್ಬರು ಸಿಕ್ಕರು. ನಾನೇ ಅದನ್ನು ಕಟ್ಟಿದವನೆಂದು ತಿಳಿದು ನಕ್ಕರು. ಅವರು ಹೇಳಿದ್ದರ ಸಾರ ಇಷ್ಟು: ಅಂಗಳ ಚೆಂದವಾಗಿದೆ, ಆದರೆ ಅದಕ್ಕೆ ಕಾಲಿಟ್ಟರೆ ನಾಲ್ಕೂ ಕಡೆಯಿಂದ ಕಾಣಿಸುತ್ತೇನೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ತನ್ನ ಬಗ್ಗೆಯೇ ಮಾತನಾಡಿಕೊಳ್ಳುತ್ತಿದ್ದಾರೆ ಎಂಬ ಅನಿಸಿಕೆಯೇ ಅವರ ಕಾಯಿಲೆಯ ದೊಡ್ಡ ಭಾಗವಾಗಿತ್ತು. ಅಂಥವರಿಗೆ ನಾನು ನಿಜವಾಗಿಯೂ ನಾಲ್ಕೂ ಕಡೆಯಿಂದ ನೋಡಬಹುದಾದ ಜಾಗವನ್ನು ಕಟ್ಟಿಕೊಟ್ಟಿದ್ದೆ. ಏಳು ವಾರದಲ್ಲಿ ಅವರು ಪಾರಿಜಾತದ ಬಳಿಗೆ ಹೋದದ್ದು ಕರೆಂಟು ಹೋದ ಒಂದು ರಾತ್ರಿ ಮಾತ್ರ. ‘ನಿಮಗೆ ಏನು ಬೇಕಿತ್ತು’ ಎಂದು ಕೇಳಿದೆ. ಒಂದು ಜಗಲಿ ಸಾಕಿತ್ತು ಎಂದರು. ಬೆನ್ನಿಗೆ ಗೋಡೆ ಇರಬೇಕು, ಎದುರು ದಾರಿ ಇರಬೇಕು, ಪಕ್ಕದಲ್ಲಿ ಕೂತವರೊಂದಿಗೆ ಮಾತನಾಡದೆಯೂ ಕೂತಿರಬಹುದು. ತೊಟ್ಟಿಯೂ ಜಗಲಿಯೂ ಒಂದೇ ಮನೆಯ ಅಂಗಗಳು. ನಾನು ಸಂಪ್ರದಾಯದಿಂದ ಫೋಟೋಗೆ ಒದಗುವುದನ್ನು ಆರಿಸಿಕೊಂಡಿದ್ದೆ. ಅವರು ಬೆನ್ನಿಗೆ ಒದಗುವುದನ್ನು ಆರಿಸಿದರು.

ನೋಡುವುದಕ್ಕಾಗಿ ಕಟ್ಟುವುದು ಈ ಬಗೆಯ ಕಟ್ಟಡಗಳ ಹುಟ್ಟುಗುಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್ ಯೋಚಿಸಿದ ವೃತ್ತಾಕಾರದ ಬಂದೀಖಾನೆಯಲ್ಲಿ ನಡುವಿನ ಗೋಪುರದಿಂದ ಒಬ್ಬನೇ ಕಾವಲುಗಾರ ಎಲ್ಲರನ್ನೂ ಕಾಣಬಹುದಿತ್ತು, ಅವನು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಅದನ್ನು ಹುಚ್ಚಾಸ್ಪತ್ರೆಗೂ ಬಳಸಬಹುದೆಂದು ಅವನೇ ಬರೆದಿದ್ದ. ನಮ್ಮಲ್ಲಿ ಧಾರವಾಡದಲ್ಲೂ ಬೆಂಗಳೂರಿನಲ್ಲೂ 1840ರ ದಶಕದಲ್ಲೇ ಇಂಥ ಆಶ್ರಯಗಳು ಆರಂಭವಾದವು. ಬೆಂಗಳೂರಿನದು 1930ರ ದಶಕದಲ್ಲಿ ಊರಾಚೆಯ ವಿಶಾಲ ಜಾಗಕ್ಕೆ ಹೋಗಿ, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಪಕ್ಕದಲ್ಲಿ ಪಡೆದು, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅದರ ಏಳಿಗೆ ದೊಡ್ಡದು, ಆ ಕಥೆ ನಿಮಗೆ ಗೊತ್ತಿರುವಂಥದ್ದೇ. ಆದರೆ ದೇಶದ ಬಹುಪಾಲು ಆಸ್ಪತ್ರೆಗಳು ಆ ದಾರಿಯಲ್ಲಿ ಸಾಗಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸ್ ನೆರವಿನಿಂದ ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದ ವರದಿಯನ್ನು ನೋಡಿದರೆ, ಎತ್ತರದ ಗೋಡೆ, ಕಂಬಿಯ ಕೋಣೆ, ಬಾಗಿಲಿಲ್ಲದ ಶೌಚಾಲಯಗಳ ವರ್ಣನೆ ಮತ್ತೆ ಮತ್ತೆ ಬರುತ್ತದೆ. ಎರಡು ವರ್ಷದ ಬಳಿಕ, 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ, ಚಪ್ಪರದಂಥ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾರದೆ 28 ಮಂದಿ ಸತ್ತರು. ಅದು ಪರವಾನಗಿ ಇಲ್ಲದ ಖಾಸಗಿ ಜಾಗ, ಸರ್ಕಾರಿ ಆಸ್ಪತ್ರೆಯಲ್ಲ, ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಒಳಗಿರುವವನನ್ನು ಕೇಳುವ ಅಗತ್ಯವಿಲ್ಲ ಎಂಬ ನಂಬಿಕೆ ಎರಡರಲ್ಲೂ ಒಂದೇ.

ಕೇಳಬೇಕೆಂಬ ಯೋಚನೆ ಹೇಗೆ ಬಂತು ಎಂಬುದಕ್ಕೆ ಕೆನಡಾದ ಒಂದು ಪ್ರಸಂಗ ಬಹಳ ಸ್ವಾರಸ್ಯಕರವಾದದ್ದು. ಸಸ್ಕ್ಯಾಚುವನ್ ಪ್ರಾಂತದ ವೇಬರ್ನ್ ಎಂಬಲ್ಲಿ 1921ರಲ್ಲಿ ತೆರೆದ ದೈತ್ಯಾಕಾರದ ಮಾನಸಿಕ ಆಸ್ಪತ್ರೆಗೆ 1950ರ ದಶಕದ ಆರಂಭದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಇಂಗ್ಲಿಷ್ ಮನೋವೈದ್ಯ ಬಂದ. ಕಟ್ಟಡವೇ ರೋಗಿಗಳನ್ನು ಕೆಡಿಸುತ್ತಿದೆ ಎಂಬುದು ಅವನ ಗಟ್ಟಿ ಅನಿಸಿಕೆ. ಜನರನ್ನು ಒಬ್ಬರಿಂದೊಬ್ಬರು ದೂರ ತಳ್ಳುವ ಜಾಗ, ಜನರನ್ನು ಹತ್ತಿರ ಸೆಳೆಯುವ ಜಾಗ ಎಂಬ ಭೇದವನ್ನು ಹೆಸರಿಟ್ಟು ಗುರುತಿಸಿದವನು ಅವನು. ರೈಲು ನಿಲ್ದಾಣದ ಉದ್ದ ಬೆಂಚಿನಂಥದ್ದು ಮೊದಲನೆಯದು. ಅವನೊಂದಿಗೆ ಕೆಲಸ ಮಾಡಿದ ಕಿಯೋಶಿ ಇಜುಮಿ ಎಂಬ ವಾಸ್ತುಶಿಲ್ಪಿ, ರೋಗಿಯ ಕಣ್ಣಿಗೆ ವಾರ್ಡು ಹೇಗೆ ಕಾಣುತ್ತದೆಂದು ತಿಳಿಯುವುದಕ್ಕಾಗಿ, ವೈದ್ಯರ ಮೇಲ್ವಿಚಾರಣೆಯಲ್ಲಿ, ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಎಂಬ ಮಾದಕವನ್ನು ಸೇವಿಸಿದ. ಆಗ ಅದರ ಮೇಲೆ ನಿಷೇಧವಿರಲಿಲ್ಲ, ಸಂಶೋಧನೆ ನಡೆಯುತ್ತಿತ್ತು. ಹೊಳೆಯುವ ನೆಲಹಾಸು, ಕೊನೆಯೇ ಕಾಣದ ಉದ್ದನೆಯ ಓಣಿ, ಕತ್ತಲ ಗವಿಯಂತೆ ಬಾಯಿ ತೆರೆದ ಗೋಡೆ ಬೀರು, ಕಾಲು ನೆಲಕ್ಕೆ ಎಟುಕದಷ್ಟು ಎತ್ತರದ ಮಂಚ ಇವೆಲ್ಲ ಆ ಸ್ಥಿತಿಯಲ್ಲಿ ಎಷ್ಟು ಭಯಂಕರವೆಂದು ಅವನು ಮುಂದೆ ಬರೆದ. 1960ರ ದಶಕದಲ್ಲಿ ಯಾರ್ಕ್‌ಟನ್‌ನಲ್ಲಿ ಅವನು ಕಟ್ಟಿದ ಆಸ್ಪತ್ರೆ ಒಂದೇ ದೈತ್ಯ ಕಟ್ಟಡವಾಗದೆ ಸಣ್ಣ ಸಣ್ಣ ಮನೆಗಳಂಥ ಘಟಕಗಳಾಗಿ ಒಡೆದದ್ದು ಈ ಯೋಚನೆಗಳಿಂದಲೇ.

ಇಜುಮಿಯ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೂ ಒಂದು ಮಾತು ಹೇಳದೆ ಇರಲಾರೆ: ಬೆಳಗಾದರೆ ಇಳಿದುಹೋಗುವ ಅಮಲಿನಲ್ಲಿ ಕಂಡದ್ದು ಆ ವಾರ್ಡಿನಲ್ಲಿ ಹನ್ನೊಂದು ವರ್ಷ ಮಲಗಿದವನು ಕಂಡದ್ದಕ್ಕೆ ಸಮನಾಗುವುದಿಲ್ಲ. ಪಕ್ಕದ ಮನೆಯ ಅಡುಗೆ ಹೇಗಿದೆಯೆಂದು ತಿಳಿಯಲು ಅವರನ್ನೇ ಕೇಳಬಹುದು; ಗೋಡೆ ಹಾರಬೇಕಾಗಿಲ್ಲ.

ಅದೇ ವೇಬರ್ನ್‌ನಲ್ಲಿ ರಾಬರ್ಟ್ ಸಾಮರ್ ಎಂಬ ಮನಶ್ಶಾಸ್ತ್ರಜ್ಞ ವೃದ್ಧೆಯರ ವಾರ್ಡೊಂದನ್ನು ಗಮನಿಸಿದ. ಹೊಸ ಬಣ್ಣ, ಹೊಸ ಕುರ್ಚಿ, ಎಲ್ಲವೂ ಬಂದಿದ್ದರೂ ಯಾರೂ ಯಾರೊಂದಿಗೂ ಮಾತನಾಡುತ್ತಿರಲಿಲ್ಲ, ಏಕೆಂದರೆ ಕುರ್ಚಿಗಳೆಲ್ಲ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದವು. ಸಣ್ಣ ಮೇಜುಗಳ ಸುತ್ತ ಕುರ್ಚಿಗಳನ್ನು ಇಡಿಸಿದ ಮೇಲೆ ಮಾತುಕತೆ ಸುಮಾರು ದುಪ್ಪಟ್ಟಾಯಿತು. ವಾಸ್ತುಶಿಲ್ಪದ ತರಗತಿಗಳಲ್ಲಿ ಈ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಅದರ ಇನ್ನೊಂದು ತುಣುಕು ನನಗೆ ಹೆಚ್ಚು ಮುಖ್ಯ: ಮೊದಮೊದಲು ಆ ಕುರ್ಚಿಗಳು ಮತ್ತೆ ಮತ್ತೆ ಗೋಡೆಗೇ ಮರಳುತ್ತಿದ್ದವು. ಯಾರೋ ಬಂದು ತಮ್ಮ ಕೂರುವ ಜಾಗವನ್ನು ಬದಲಿಸಿದರೆ, ಬದಲಾವಣೆ ಒಳ್ಳೆಯದೇ ಆಗಿದ್ದರೂ, ಅದು ತಮ್ಮ ಜಾಗವೆನ್ನಿಸಲು ಸಮಯ ಬೇಕು. ಕೇಳಿ ಬದಲಿಸಿದ್ದರೆ ಆ ಸಮಯ ಕಡಿಮೆಯಾಗುತ್ತಿತ್ತೇ ಎಂಬುದನ್ನು ಅಲ್ಲಿ ಪರೀಕ್ಷಿಸಲಿಲ್ಲ.

ಇಟಲಿಯ ಟ್ರಿಯೆಸ್ಟೆಯಲ್ಲಿ ನಡೆದದ್ದು ಬೇರೆಯೇ ಬಗೆಯದು. ಅಲ್ಲಿನ ಸಾನ್ ಜೊವಾನ್ನಿ ಆಸ್ಪತ್ರೆ 1908ರಲ್ಲಿ ಆರಂಭವಾದದ್ದು. 1971ರಲ್ಲಿ ಫ್ರಾಂಕೊ ಬಸಾಲ್ಯ ಎಂಬ ಮನೋವೈದ್ಯ ನಿರ್ದೇಶಕನಾಗಿ ಬಂದಾಗ ಒಳಗೆ ಸುಮಾರು 1,200 ಜನರಿದ್ದರು. ಆಸ್ಪತ್ರೆಯ ಬಟ್ಟೆಗಳ ಗಾಡಿ ಎಳೆಯುತ್ತಿದ್ದ ಮಾರ್ಕೊ ಎಂಬ ಕುದುರೆಗೆ ವಯಸ್ಸಾಗಿ 1972ರಲ್ಲಿ ಅದನ್ನು ಕಸಾಯಿಖಾನೆಗೆ ಕಳಿಸುವ ಮಾತು ಬಂದಾಗ, ಒಳಗಿದ್ದವರೇ ಪ್ರಾಂತದ ಅಧ್ಯಕ್ಷರಿಗೆ ಅರ್ಜಿ ಬರೆದು ಅದನ್ನು ಉಳಿಸಿಕೊಂಡರು. ಮರುವರ್ಷ, 1973ರಲ್ಲಿ, ಖಾಲಿಯಾದ ಒಂದು ವಾರ್ಡಿನಲ್ಲಿ ಕಲಾವಿದರೂ ರೋಗಿಗಳೂ ಸೇರಿ ಅದೇ ಹೆಸರಿನ ಭಾರಿ ನೀಲಿ ಕುದುರೆಯೊಂದನ್ನು ಮರ ಮತ್ತು ಕಾಗದದ ಮುದ್ದೆಯಿಂದ ಮಾಡಿದರು. ಅದರ ಹೊಟ್ಟೆಯಲ್ಲಿ ತಮ್ಮ ಆಸೆಗಳನ್ನು ತುಂಬಿದರು. ಅದನ್ನು ಊರೊಳಗೆ ಮೆರವಣಿಗೆ ಒಯ್ಯಲು ಹೊರಟರೆ ಬಾಗಿಲಲ್ಲಿ ಹಿಡಿಯಲೊಲ್ಲದು. ಕುದುರೆಯನ್ನು ಕುಗ್ಗಿಸಲಿಲ್ಲ, ಬಾಗಿಲನ್ನು ಒಡೆದರು. ಬಳಕೆದಾರರ ಪಾಲ್ಗೊಳ್ಳುವಿಕೆ ಎಂದು ನಾವು ಈಗ ಕರೆಯುವುದರ ಅತ್ಯಂತ ಪ್ರಾಮಾಣಿಕ ರೂಪ ನನಗೆ ಕಂಡಂತೆ ಇದೇ: ಅವರು ಮಾಡಿದ್ದು ದೊಡ್ಡದಾಯಿತೆಂದಾಗ ಕಟ್ಟಡವೇ ಜಾಗ ಬಿಡುವುದು. 1978ರ ಮೇ 13ರಂದು ಬಂದ 180ನೆಯ ಕಾನೂನು ಇಟಲಿಯ ಮಾನಸಿಕ ಆಸ್ಪತ್ರೆಗಳನ್ನು ಕ್ರಮೇಣ ಮುಚ್ಚುವ ದಾರಿ ತೆರೆಯಿತು. ಟ್ರಿಯೆಸ್ಟೆಯಲ್ಲಿ ಕೆಲವೇ ಹಾಸಿಗೆಗಳ, ದಿನವಿಡೀ ತೆರೆದಿರುವ ಬಡಾವಣೆ ಕೇಂದ್ರಗಳು ಬಂದವು. ಹಳೆಯ ಆವರಣ ಈಗ ಗುಲಾಬಿ ತೋಟವಿರುವ ಉದ್ಯಾನ. ಹೀಗಿರುವಾಗ ಒಳ್ಳೆಯ ಮಾನಸಿಕ ಆಸ್ಪತ್ರೆ ಕಟ್ಟುವುದು ಹೇಗೆ ಎಂಬ ನನ್ನ ಪ್ರಶ್ನೆಯೇ ತಪ್ಪು, ಕಟ್ಟಲೇಬಾರದು ಎಂದು ಹೇಳುವವರು ಇದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಆದರೆ ತೀವ್ರ ಸ್ಥಿತಿಯಲ್ಲಿ ಕೆಲವು ವಾರ ಎಲ್ಲಾದರೂ ಇರಲೇಬೇಕಾದವರು ಇರುವವರೆಗೆ, ಆ ಎಲ್ಲಾದರೂ ಹೇಗಿರಬೇಕೆಂದು ಕೇಳುವುದು ನಿಲ್ಲುವುದಿಲ್ಲ.

ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದ ಓಸ್ಟ್ರಾ ಆಸ್ಪತ್ರೆಯ ಮನೋವೈದ್ಯಕೀಯ ಕಟ್ಟಡ 2006ರಲ್ಲಿ ತೆರೆಯಿತು: ಒಬ್ಬರಿಗೊಂದು ಕೋಣೆ, ಕೋಣೆಗೊಂದು ಬಚ್ಚಲು, ತೋಟ, ಬೆಳಕು, ಎಳೆದು ಸರಿಸಬಹುದಾದ ಕುರ್ಚಿ. ಹಳೆಯ ಕಟ್ಟಡಕ್ಕೆ ಹೋಲಿಸಿದರೆ ರೋಗಿಗಳನ್ನು ಕಟ್ಟಿಹಾಕುವ ಸಂದರ್ಭಗಳು ಸುಮಾರು ಅರ್ಧಕ್ಕೆ ಇಳಿದದ್ದನ್ನು ಸಂಶೋಧಕ ರೋಜರ್ ಉಲ್ರಿಚ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಕಟ್ಟಡ ಚಿಕಿತ್ಸೆಯ ಭಾಗವೆಂಬುದಕ್ಕೆ ಇಂಥ ಪುರಾವೆ ಸಾಕು. ನಮಗೆ ಅದನ್ನು ಹಾಗೆಯೇ ನಕಲು ಮಾಡಲು ಬರುವುದಿಲ್ಲ. ನಮ್ಮಲ್ಲಿ ಕಾಯಿಲೆ ಬಿದ್ದವರು ಒಬ್ಬರೇ ಆಸ್ಪತ್ರೆಗೆ ಬರುವುದಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೆ ಡೇರೆಗಳನ್ನು ಹಾಕಿಸಿ ಮನೆಯವರನ್ನೂ ಜೊತೆಗೆ ಉಳಿಸಿಕೊಂಡರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಮರಳತೊಡಗಿದರು. ವೆಲ್ಲೂರಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ, ಕುಟುಂಬ ಸಮೇತ ಇರುವ ವಾರ್ಡುಗಳು ಬಂದವು. ಜಗತ್ತಿಗೆ ನಾವು ಕೊಟ್ಟ ವಿನ್ಯಾಸವೊಂದಿದ್ದರೆ ಅದು ಈ ಡೇರೆ. ಅದರಿಂದ ಒಂದು ತೊಡಕೂ ಹುಟ್ಟಿತು: ‘ಬಳಕೆದಾರರನ್ನು ಕೇಳಿದೆವು’ ಎಂದು ನಮ್ಮಲ್ಲಿ ಹೇಳುವವರು ಬಹುಮಟ್ಟಿಗೆ ಕೇಳಿರುವುದು ಮನೆಯವರನ್ನು. ತಾಯಿ ಬಾಗಿಲಿಗೆ ಹೊರಗಿನಿಂದ ಬೀಗ ಬೇಕೆನ್ನುತ್ತಾಳೆ, ಮಗ ಒಳಗಿನಿಂದ ಚಿಲಕ ಬೇಕೆನ್ನುತ್ತಾನೆ. ಇಬ್ಬರೂ ಪ್ರೀತಿಯಿಂದಲೇ, ಹೆದರಿಕೆಯಿಂದಲೇ ಹೇಳುತ್ತಿದ್ದಾರೆ. ಇಬ್ಬರನ್ನೂ ಒಂದೇ ಸಭೆಯಲ್ಲಿ ಕೂರಿಸಿದರೆ ಮಗನ ಮಾತು ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ಬೇರೆ ಬೇರೆ ಕೂರಿಸಬೇಕು.

ಮೊದಲ ವಾರ್ಡಿನ ಪಾಠವಾದ ಮೇಲೆ, ಇನ್ನೊಂದು ಊರಿನ ಕೆಲಸದಲ್ಲಿ, ನಕ್ಷೆಗೆ ಕೈ ಹಾಕುವ ಮೊದಲೇ ಅಲ್ಲಿದ್ದು ಬಂದ ಒಂಬತ್ತು ಮಂದಿಯನ್ನು ನಾಲ್ಕು ಬಾರಿ ಸೇರಿಸಿ ಕೇಳಿದೆವು. ಬೆಳಕು, ಗಾಳಿ, ಬಣ್ಣದ ಬಗ್ಗೆ ಮಾತನಾಡುತ್ತಾರೆಂದು ನಾನು ಎಣಿಸಿದ್ದೆ. ಅವರು ಮಾತನಾಡಿದ್ದು ಬಹುಪಾಲು ಔಷಧಿಯ ಬಗ್ಗೆ, ಅಂದರೆ ಔಷಧಿ ತೆಗೆದುಕೊಂಡ ದೇಹದ ಬಗ್ಗೆ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ದಾಹ ಹೆಚ್ಚು, ಮೂತ್ರವೂ ಹೆಚ್ಚು. ಓಣಿಯ ತುದಿಯಲ್ಲಿ ಒಂದೇ ನೀರಿನ ಫಿಲ್ಟರು, ಇನ್ನೊಂದು ತುದಿಯಲ್ಲಿ ಶೌಚಾಲಯ ಇಟ್ಟರೆ ಅವರ ರಾತ್ರಿಯೆಲ್ಲ ನಡೆಯುವುದರಲ್ಲೇ ಕಳೆಯುತ್ತದೆ. ಕೆಲವು ಮಾತ್ರೆಗಳಿಂದ ಹಾಸಿಗೆಯಿಂದೇಳುವಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಮಂಚದಿಂದ ಬಚ್ಚಲಿನವರೆಗೆ ಕೈಗೆ ಸಿಗುವಂತೆ ಗೋಡೆಗೊಂದು ಹಿಡಿ ಬೇಕು. ಕೈಕಾಲು ಬಿಗಿಯುವವರಿಗೆ ಕುಕ್ಕರಗಾಲಿನ ಕಕ್ಕಸಿನಲ್ಲಿ ಕೂತರೆ ಏಳಲಾಗುವುದಿಲ್ಲ. ವಯಸ್ಸಾದ ಹೆಂಗಸರಿಗೆ ಇನ್ನೊಂದು ಬಗೆಯದು ಒಗ್ಗುವುದಿಲ್ಲ. ಎರಡೂ ಇರಲಿ ಎಂದರು. ಕ್ಲೋರ್‌ಪ್ರೊಮಜೀನ್ ಎಂಬ ಮನೋರೋಗದ ಔಷಧಿ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಸುಡುತ್ತದೆ. ನಾವು ಪ್ರೀತಿಯಿಂದ ತೆರೆದಿಟ್ಟ ಅಂಗಳ ಅವರಿಗೆ ಮಧ್ಯಾಹ್ನ ನಿಷಿದ್ಧ ಪ್ರದೇಶ.

ಇವೆಲ್ಲಕ್ಕಿಂತ ನನ್ನನ್ನು ತಟ್ಟಿದ್ದು ನಡಿಗೆಯ ವಿಷಯ. ಕೆಲವು ಔಷಧಿಗಳಿಂದ ಒಂದೆಡೆ ಕೂರಲಾಗದ, ನಿಲ್ಲಲಾಗದ ಒಂದು ಒಳತಳಮಳ ಹುಟ್ಟುತ್ತದೆ, ನಡೆಯುತ್ತಲೇ ಇರಬೇಕು. ವೈದ್ಯರು ಅದಕ್ಕೆ ಅಕಥೀಸಿಯಾ ಎನ್ನುತ್ತಾರೆ. ಆ ಒಂಬತ್ತು ಮಂದಿಯಲ್ಲೊಬ್ಬನಾದ ಬಸ್ ಮೆಕ್ಯಾನಿಕ್ ಹೇಳಿದ: ಓಣಿ ಗೋಡೆಗೆ ಮುಗಿಯುವುದರಿಂದ ಪ್ರತಿ ಸಲ ತಿರುಗಬೇಕಾಗುತ್ತದೆ, ತಿರುಗುವಾಗಲೆಲ್ಲ ನರ್ಸ್ ತಲೆಯೆತ್ತಿ ನೋಡುತ್ತಾರೆ, ಇಪ್ಪತ್ತು ಸಲ ತಿರುಗಿದ ಮೇಲೆ ‘ಚಡಪಡಿಸುತ್ತಿದ್ದಾನೆ’ ಎಂದು ಕೇಸ್ ಶೀಟಿನಲ್ಲಿ ಬರೆಯುತ್ತಾರೆ, ಬರೆದರೆ ಔಷಧಿ ಹೆಚ್ಚಿಸುತ್ತಾರೆ, ಹೆಚ್ಚಿಸಿದರೆ ಇನ್ನಷ್ಟು ನಡೆಯಬೇಕಾಗುತ್ತದೆ. ದೇವಸ್ಥಾನದ ಪ್ರದಕ್ಷಿಣೆಯ ದಾರಿಯಂತೆ ಸುತ್ತಿ ಬರುವ ಓಣಿ ಇದ್ದರೆ ಅಲ್ಲಿ ನಡೆಯುವವನನ್ನು ಯಾರೂ ರೋಗಿಯೆನ್ನುವುದಿಲ್ಲವಲ್ಲ ಎಂದ. ನಾನು ಮೂವತ್ತು ವರ್ಷದಲ್ಲಿ ಪಡೆದ ವಿನ್ಯಾಸ ಸಲಹೆಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ. ಓಣಿಯನ್ನು ಸುತ್ತಿಸಿದೆವು; ನೂರು ಹೆಜ್ಜೆಗೆ ಒಂದು ಸುತ್ತು, ನಡುವೆ ಎರಡು ಕಡೆ ಕೂರುವ ಗೂಡು.

ಮಹಿಳೆಯರ ಗುಂಪು ಕೇಳಿದ್ದು ಬಟ್ಟೆ ಒಣಗಿಸುವ ಜಾಗವನ್ನು, ಗಂಡಸು ಸಿಬ್ಬಂದಿ ಓಡಾಡದ, ಬಿಸಿಲು ಬೀಳುವ ಜಾಗವನ್ನು. ಅದು ಏಕೆಂದು ಅವರು ವಿವರಿಸಲಿಲ್ಲ, ನಾನು ಕೇಳಲೂ ಇಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ನನ್ನ ಮುಗ್ಧತೆಗೆ ಅವಳು ಮರುಗಿದಳು. ಇನ್ನೊಬ್ಬರು ಕೇಳಿದ್ದು ಬೋರ್ಡಿನ ಬಗ್ಗೆ: ಬಸ್ ನಿಲ್ದಾಣದಿಂದ ಕಾಣುವಂತೆ ‘ಮಾನಸಿಕ ರೋಗಿಗಳ ವಿಭಾಗ’ ಎಂದು ದೊಡ್ಡದಾಗಿ ಬರೆಯಬೇಡಿ, ಹುಚ್ಚಾಸ್ಪತ್ರೆ ಸ್ಟಾಪ್ ಎಂದು ಕಂಡಕ್ಟರ್ ಕೂಗುವುದು ಹಾಗೆಯೇ ಆರಂಭವಾಗುವುದು ಎಂದರು. ದೀಪದ ಸ್ವಿಚ್ಚು ಕೋಣೆಯ ಹೊರಗಿರಬಾರದೆಂದು ಒಂಬತ್ತೂ ಮಂದಿ ಹೇಳಿದರು. ಗೋಡೆಯ ಬಣ್ಣದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಇನ್ನು ಬರುವ ಆಕ್ಷೇಪ ಒಂದೇ: ಬುದ್ಧಿ ಸ್ಥಿಮಿತದಲ್ಲಿಲ್ಲದವರ ಮಾತನ್ನು ನೆಚ್ಚಿ ಕೋಟ್ಯಂತರ ರೂಪಾಯಿಯ ಕಟ್ಟಡ ಕಟ್ಟುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿರುವಂಥದ್ದು, ಮಾನಸಿಕ ಕಾಯಿಲೆ ಇರುವ ವ್ಯಕ್ತಿಗೂ ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಸಾಮರ್ಥ್ಯವಿದೆ ಎಂಬಲ್ಲಿಂದಲೇ ಹೊರಡುತ್ತದೆ. ತಾನು ಮುಂದೆ ಕಾಯಿಲೆ ಬಿದ್ದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಎಂದು ಚೆನ್ನಾಗಿರುವಾಗಲೇ ಬರೆದಿಡುವ ಹಕ್ಕನ್ನು, ಅಂದರೆ ಮುಂಗಡ ನಿರ್ದೇಶನವನ್ನು, ಅದು ಕೊಟ್ಟಿದೆ. ಅಲ್ಲಿದ್ದು ಬಂದವರನ್ನು ಕೂರಿಸಿ ವಾರ್ಡು ಹೇಗಿರಬೇಕೆಂದು ಕೇಳುವುದು ಅದೇ ಹಕ್ಕನ್ನು ಹಲವರು ಕೂಡಿ ಚಲಾಯಿಸಿದಂತೆ. ಕಾಯ್ದೆಯ 20ನೆಯ ಸೆಕ್ಷನ್ನಿನಲ್ಲಿ ಖಾಸಗಿತನ, ಶುಚಿಯಾದ ಶೌಚ ವ್ಯವಸ್ಥೆ, ವಿರಾಮಕ್ಕೆ ಅವಕಾಶ, ತನ್ನ ಬಟ್ಟೆಯನ್ನೇ ತೊಡುವ ಸ್ವಾತಂತ್ರ್ಯ ಎಲ್ಲ ಪಟ್ಟಿಯಾಗಿವೆ. ಒಬ್ಬಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು 97ನೆಯ ಸೆಕ್ಷನ್ ನಿಷೇಧಿಸುತ್ತದೆ. ಓದಿದರೆ ಇವು ಹಕ್ಕುಗಳು, ನನ್ನ ಕಣ್ಣಿಗೆ ಅಳತೆಗಳು: ತನ್ನ ಬಟ್ಟೆ ಎಂದರೆ ಬೀಗವಿರುವ ಒಂದು ಸಣ್ಣ ಬೀರು, ಖಾಸಗಿತನ ಎಂದರೆ ಎರಡು ಮಂಚಗಳ ನಡುವಿನ ಅಡ್ಡಗೋಡೆ. ಈ ಹಕ್ಕುಗಳನ್ನು ಕಾಯುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಆರು ಸದಸ್ಯರಲ್ಲಿ ಎರಡು ಸ್ಥಾನಗಳನ್ನು ಕಾಯಿಲೆ ಅನುಭವಿಸಿದವರು, ಆರೈಕೆ ಮಾಡುವವರು ಅಥವಾ ಅವರ ಪರ ಸಂಸ್ಥೆಗಳವರಿಗೆಂದು ಇದೇ ಕಾಯ್ದೆ ಇಟ್ಟಿದೆ. ತೀರ್ಪು ಹೇಳುವ ಮಂಡಳಿಯಲ್ಲಿ ಕೂರಬಹುದಾದವರು ಬಚ್ಚಲ ಬಾಗಿಲಿನ ಬಗ್ಗೆ ಅಭಿಪ್ರಾಯ ಹೇಳಲಾರರೇ?

ಕೇಳುವುದರಲ್ಲೂ ಮೋಸವಿದೆ. ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಕೆಳಗಿನ ಮೆಟ್ಟಿಲು ವಂಚನೆ; ಅದರ ಮೇಲಿನದಕ್ಕೆ ಅವರು ಇಟ್ಟ ಹೆಸರು ‘ಚಿಕಿತ್ಸೆ’. ಜನರ ದೂರನ್ನು ದೂರೆಂದು ತೆಗೆದುಕೊಳ್ಳದೆ ಅವರಲ್ಲೇ ಏನೋ ಕೊರತೆಯಿದೆ, ಸರಿಪಡಿಸೋಣ ಎನ್ನುವ ಧೋರಣೆ ಅದು. ಅವರು ನಗರ ಯೋಜನೆಯ ಬಗ್ಗೆ ಬರೆಯುತ್ತಿದ್ದರು, ನಮ್ಮಲ್ಲಿ ಮಾತ್ರ ಅದು ಅಕ್ಷರಶಃ ನಿಜವಾಗುತ್ತದೆ: ಬೀಗದ ಬಗ್ಗೆ ಸಿಟ್ಟಿನಿಂದ ಮಾತನಾಡಿದವನ ಸಿಟ್ಟು ರೋಗಲಕ್ಷಣವಾಗಿಬಿಡುತ್ತದೆ. ಅದಕ್ಕಾಗಿ ನಾವು ಸಭೆಗಳನ್ನು ಆಸ್ಪತ್ರೆಯ ಹೊರಗೆ, ಒಂದು ಗ್ರಂಥಾಲಯದ ಕೋಣೆಯಲ್ಲಿ, ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಲ್ಲದೆ ನಡೆಸಿದೆವು. ಬಸ್ ಚಾರ್ಜು ಮತ್ತು ಆ ದಿನದ ಕೂಲಿ ಕೊಟ್ಟೆವು. ಇದಕ್ಕೆ ಅಂದಾಜು ಪಟ್ಟಿಯಲ್ಲಿ ಶೀರ್ಷಿಕೆಯೇ ಇಲ್ಲದ್ದರಿಂದ ‘ಮಣ್ಣು ಪರೀಕ್ಷೆ’ಯ ಉಳಿಕೆ ಹಣದಲ್ಲಿ ತೋರಿಸಬೇಕಾಯಿತು, ಲೆಕ್ಕ ತಪಾಸಿಗರು ಈ ಸಭೆಯಲ್ಲಿಲ್ಲವೆಂದು ನಂಬಿದ್ದೇನೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಎಲ್ಲರೂ ತಲೆಯಾಡಿಸಿದರು. ನಕ್ಷೆ ಓದಲು ಬಾರದವರು ಮರ್ಯಾದೆಗಾಗಿ ತಲೆಯಾಡಿಸುತ್ತಾರೆ. ಆದ್ದರಿಂದ ನಿವೇಶನಕ್ಕೇ ಹೋಗಿ, ಪಾಯಕ್ಕೆ ಗುರುತು ಹಾಕುವಂತೆ ಸುಣ್ಣದ ಪುಡಿಯಲ್ಲಿ ಒಂದು ಕೋಣೆಯನ್ನು ನಿಜವಾದ ಅಳತೆಯಲ್ಲಿ ನೆಲದ ಮೇಲೆ ಎಳೆದೆವು. ಮಂಚ ಬರುವಲ್ಲಿ ಒಂದು ಚಾಪೆ ಹಾಸಿದೆವು. ಮೆಕ್ಯಾನಿಕ್ ಅದರ ಮೇಲೆ ಮಲಗಿ, ಬಾಗಿಲು ಎಲ್ಲಿ ಎಂದು ಕೇಳಿದ. ತಲೆಯ ಹಿಂದೆ ಎಂದೆವು. ಬರುವವರು ಯಾರೆಂದು ಕಾಣದೆ ನಿದ್ದೆ ಬರುವುದಿಲ್ಲ ಎಂದು ಎದ್ದು, ಚಪ್ಪಲಿಯಿಂದ ಒಂದು ಗೆರೆ ಅಳಿಸಿ ಇನ್ನೊಂದು ಕಡೆ ಎಳೆದ.

ಅವರು ಕೇಳಿದ್ದೆಲ್ಲವನ್ನೂ ಮಾಡಲಿಲ್ಲ. ಅಡುಗೆಮನೆ ವಾರ್ಡಿನೊಳಗಿರಲಿ ಎಂದರು, ಹಣವಿರಲಿಲ್ಲ. ಕಿಟಕಿಗೆ ಸರಳು ಬೇಡ ಎಂದರು. ಮೇಲಿನ ಮಹಡಿಯಲ್ಲಿ ಅದಕ್ಕೆ ನಾವು ಒಪ್ಪಲಿಲ್ಲ, ಕಾರಣವನ್ನು ಅವರ ಮುಂದೆಯೇ ಹೇಳಿದೆವು, ಇಬ್ಬರು ಮುನಿಸಿಕೊಂಡು ಕೊನೆಯ ಸಭೆಗೆ ಬರಲಿಲ್ಲ. ಅವರು ಹೇಳಿದ್ದರಿಂದ ಏನು ಬದಲಾಯಿತು, ಏನು ಬದಲಾಗಲಿಲ್ಲ, ಏಕೆ ಎಂದು ಒಂದು ಪುಟ ಬರೆದು ಒಂಬತ್ತೂ ಜನರಿಗೆ ಅಂಚೆಯಲ್ಲಿ ಕಳಿಸಿದೆವು. ಆ ಪುಟಕ್ಕೆ ಕೂತಷ್ಟು ಹೊತ್ತು ನಾನು ಇಡೀ ಕಟ್ಟಡದ ವಿದ್ಯುತ್ ನಕ್ಷೆಗೂ ಕೂತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಬಚ್ಚಲ ಚಿಲಕ. ಮನೆಯವರು ಚಿಲಕವೇ ಬೇಡವೆಂದರು. ಒಳಗೆ ಏನಾದರೂ ಆಗಿಬಿಟ್ಟರೆ ಎಂಬ ಅವರ ಭಯವನ್ನು ತಳ್ಳಿಹಾಕುವಂತಿರಲಿಲ್ಲ. ಅಲ್ಲಿದ್ದು ಬಂದವರು ಚಿಲಕವಿಲ್ಲದ ಬಚ್ಚಲಿನಲ್ಲಿ ಸ್ನಾನ ಮಾಡಿದ ದಿನಗಳನ್ನು ನೆನೆದು ಸುಮ್ಮನಾದರು, ಅದೂ ತಳ್ಳಿಹಾಕುವಂಥದ್ದಲ್ಲ. ಒಳಗಿನಿಂದ ಹಾಕಬಹುದಾದ, ಹೊರಗಿನಿಂದ ಕೀಲಿಯಲ್ಲಿ ತೆಗೆಯಬಹುದಾದ ಬೀಗಗಳು ಮಾರುಕಟ್ಟೆಯಲ್ಲಿವೆ. ಅಲ್ಲಿಗೆ ಎರಡೂ ಗುಂಪು ಒಪ್ಪಿತು. ಕೀಲಿ ಯಾರ ಬಳಿ ಎಂಬ ಪ್ರಶ್ನೆ ಉಳಿಯಿತು. ಪಾಳಿಯ ನರ್ಸ್ ಬಳಿ ಇರಲಿ, ಆದರೆ ಹೊರಗಿನಿಂದ ತೆಗೆದಾಗಲೆಲ್ಲ ಯಾವ ಹೊತ್ತಿನಲ್ಲಿ, ಯಾಕೆ ತೆಗೆದೆವು ಎಂದು ಒಂದು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು, ಆ ಪುಸ್ತಕ ನಮಗೂ ಕಾಣುವಂತಿರಬೇಕು ಎಂದು ಮಹಿಳೆಯರ ಗುಂಪಿನವರು ಹೇಳಿದರು. ಬಚ್ಚಲ ಬಾಗಿಲ ಪಕ್ಕದಲ್ಲಿ ಎದೆಯೆತ್ತರಕ್ಕೆ ಒಂದು ಸಣ್ಣ ಕಪಾಟನ್ನು ನಕ್ಷೆಯಲ್ಲಿ ಸೇರಿಸಿದೆ, ಒಂದು ಪುಸ್ತಕವೂ ಒಂದು ಪೆನ್ನೂ ಹಿಡಿಯುವಷ್ಟು. ಕಪಾಟು ನಕ್ಷೆಯಲ್ಲಿದ್ದಂತೆಯೇ ಕಟ್ಟಿದ್ದಾರೆ. ಕಳೆದ ತಿಂಗಳು ಹೋದಾಗ ಅದರೊಳಗೆ ಒಂದು ಸೋಪಿನ ಡಬ್ಬಿ ಇತ್ತು. ಪುಸ್ತಕ ಎಲ್ಲಿ ಎಂದು ಕೇಳಿದೆ. ಇಂಡೆಂಟ್ ಹಾಕಿದ್ದೇವೆ, ಬರಬೇಕು ಎಂದರು.